ಉಜ್ಜನಪ್ಪ ಫ್ಲಾಂಜು ಆರಿಸಿದ್ದು

ಶಿವಮೊಗ್ಗದಲ್ಲಿ ಯಾವ ವಸ್ತುವನ್ನೂ ಬರೀ ಹೆಸರಿನಿಂದ ಗುರುತಿಸುವುದಿಲ್ಲ, ದರ್ಜೆಯಿಂದ ಗುರುತಿಸುತ್ತಾರೆ. ಇದು ಅಡಿಕೆ ಮಂಡಿ ಊರಿಗೆ ಕಲಿಸಿದ ಬುದ್ಧಿ. ಸರಕು ಮೇಲೆ, ಗೊರಬಲು ಕೆಳಗೆ, ನಡುವೆ ಬೆಟ್ಟೆ ಮತ್ತು ರಾಶಿ. ಈ ನಾಲ್ಕರಲ್ಲಿ ಎಲ್ಲಿ ಕೂರುತ್ತದೆ ಎಂದು ಇತ್ಯರ್ಥವಾಗುವ ತನಕ ಇಲ್ಲಿನವರು ಅಕ್ಕಿಯನ್ನೂ ಒಪ್ಪುವುದಿಲ್ಲ, ಅಳಿಯನನ್ನೂ ಒಪ್ಪುವುದಿಲ್ಲ.

ವಿನೋಬನಗರದ ಉಜ್ಜನಪ್ಪ ಕಾಂಟ್ರಾಕ್ಟರ್ ಆಗುವುದಕ್ಕೆ ಮುಂಚೆ ಅಡಿಕೆ ಮಂಡಿಯಲ್ಲಿ ದರ್ಜೆ ಮಾಡುವ ಕೆಲಸದಲ್ಲಿದ್ದ. ಚೀಲಕ್ಕೆ ಕೈಬಿಟ್ಟು ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಕುಲುಕಿ, ಮೂಸಿ, ಒಂದು ಕಾಯನ್ನು ಹಲ್ಲಿಗೆ ಕೊಟ್ಟು, "ಇದು ತೀರ್ಥಹಳ್ಳಿ ಕಡೆ ಬೆಟ್ಟೆ, ಒಣಗಿಸಿದವನು ಸೋಮಾರಿ" ಎಂದು ಹೇಳಿಬಿಡುತ್ತಿದ್ದ. ಅರ್ಧಕ್ಕರ್ಧ ಸಲ ಅದು ಸರಿಯಾಗಿರುತ್ತಿತ್ತು. ಉಳಿದರ್ಧ ಸಲ ತಪ್ಪು ಎನ್ನುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಅವನು ಹೇಳುವ ಠೀವಿ ಹಾಗಿತ್ತು.

ಆ ಠೀವಿಯೊಂದನ್ನೇ ಬಂಡವಾಳ ಮಾಡಿಕೊಂಡು ಅವನು ಕಾಂಟ್ರಾಕ್ಟರ್ ಆದ. ಚರಂಡಿಗೆ ಚಪ್ಪಡಿ ಹಾಕಿಸಿದ, ಸ್ಮಶಾನಕ್ಕೆ ಕಾಂಪೌಂಡು ಕಟ್ಟಿಸಿದ. ಎರಡೂ ಕೆಲಸಗಳ ಬಗ್ಗೆ ಫಲಾನುಭವಿಗಳಿಂದ ದೂರು ಬರಲಿಲ್ಲ. ಹೀಗಿರುವಾಗ ಅವನಿಗೆ ಜೀವನದ ಮೊದಲ ಪೈಪಿನ ಕೆಲಸ ಸಿಕ್ಕಿತು. ಸಿಕ್ಕಿದ ದಿನವೇ ಮನೆ ಗೇಟಿಗೆ ಬೋರ್ಡು ಹಾಕಿಸಿದ: "ಉಜ್ಜನಪ್ಪ, ಪೈಪ್‌ಲೈನ್ ತಜ್ಞರು."

"ಅಲ್ರೀ, ಒಂದು ಪೈಪೂ ಮುಟ್ಟಿಲ್ಲ, ಆಗಲೇ ತಜ್ಞರಾ?" ಎಂದಳು ಹೆಂಡತಿ ದಾಕ್ಷಾಯಣಮ್ಮ.

"ಬೋರ್ಡು ಮೊದಲು, ಕೆಲಸ ಆಮೇಲೆ. ಡಾಕ್ಟರುಗಳೂ ಹಾಗೇ ಮಾಡೋದು ಮಾರಾಯ್ತಿ."

ಕೆಲಸ ಇಷ್ಟೇ. ಗಾಜನೂರಿನಿಂದ ವಿನೋಬನಗರದ ಟ್ಯಾಂಕಿಗೆ ನೀರು ತರುವ ಮೂವತ್ತು ಇಂಚಿನ ಉಕ್ಕಿನ ಪೈಪಿನಲ್ಲಿ ಹಳೆಯ ವಾಲ್ವು ಕೆಟ್ಟು ಕೂತಿತ್ತು. ನೀರಿನ ಆಫೀಸಿನವರು ಹೊಸ ವಾಲ್ವು ತರಿಸಿ ಗಾಜನೂರಿನ ಹತ್ತಿರ ಗುಂಡಿಯಲ್ಲಿ ಇಳಿಸಿದ್ದರು. ಉಜ್ಜನಪ್ಪ ಪೈಪಿನ ತುದಿಗೊಂದು ಫ್ಲಾಂಜು ತಂದು ಬೆಸುಗೆ ಹಾಕಿಸಿ ವಾಲ್ವಿಗೆ ಬಿಗಿಸಬೇಕು. ಫ್ಲಾಂಜು ಎಂದರೆ ಹೆದರುವಂಥದ್ದೇನಲ್ಲ. ಪೈಪಿನ ತುದಿಗೆ ತೊಡಿಸುವ ಉಕ್ಕಿನ ದಪ್ಪ ಬಳೆ, ಸುತ್ತಲೂ ಬೋಲ್ಟಿನ ತೂತು. ಪೈಪಿನ ಬಳೆಯನ್ನೂ ವಾಲ್ವಿನ ಬಳೆಯನ್ನೂ ಎದುರುಬದುರು ನಿಲ್ಲಿಸಿ, ನಡುವೆ ರಬ್ಬರ್ ಇಟ್ಟು ಬೋಲ್ಟು ಬಿಗಿದರೆ ನೀರು ಆಚೆ ಬರುವುದಿಲ್ಲ. ಅಲ್ಲಿಯ ತನಕ ಇಡೀ ಬಡಾವಣೆಗೆ ನಲ್ಲಿ ನೀರಿಲ್ಲ, ಟ್ಯಾಂಕರೇ ಗತಿ.

ಆದ್ದರಿಂದ ಟ್ಯಾಂಕರಿಗೆ ಕಾಯುತ್ತ ಕೊಡ ಹಿಡಿದು ನಿಂತಿದ್ದ ಜಲಜಮ್ಮನವರು, "ಉಜ್ಜನಪ್ಪನೋರೇ, ನೀರು ಯಾವಾಗ ಬರುತ್ತೆ?" ಎಂದು ಕೇಳಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. "ಇನ್ನೆರಡು ದಿನ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದಲ್ಲೇ ಹೊಸ ಬೋರ್ಡು ಹೊಳೆಯುತ್ತಿತ್ತು.

"ನೀರು ದೊಡ್ಡ ವಿಷಯ ಅಲ್ಲ ಮೇಡಂ. ಫ್ಲಾಂಜು ದೊಡ್ಡ ವಿಷಯ," ಎಂದ ಉಜ್ಜನಪ್ಪ. "ಇಷ್ಟು ದೊಡ್ಡ ಪೈಪಿಗೆ ಅದರಲ್ಲಿ ಎರಡು ಜಾತಿ ಬರುತ್ತೆ. ಎ ಸಿರೀಸು, ಬಿ ಸಿರೀಸು. ಬೇರೆಯವರಾಗಿದ್ರೆ ಕಣ್ಣು ಮುಚ್ಕೊಂಡು ಬಿ ತಂದು ಬಡಿದು ಹೋಗೋರು. ನಾನು ಈ ಬೀದಿಯವನು. ನನ್ನ ಬೀದಿಗೆ ನಾನು ಗೊರಬಲು ಹಾಕಲ್ಲ."

ಎ ಮತ್ತು ಬಿ ಎನ್ನುವುದು ಅವನಿಗೆ ಗೊತ್ತಾದದ್ದು ಅವತ್ತು ಬೆಳಗ್ಗೆಯೇ. ನೀರಿನ ಆಫೀಸಿನ ಇಂಜಿನಿಯರ್ ಜನಾರ್ದನ ಸಾಹೇಬರು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತ, ಅರ್ಧ ತಿರುಗಿ, "ಎ ಸಿರೀಸೋ ಬಿ ಸಿರೀಸೋ, ಸೂಕ್ತವಾದ್ದು ನೋಡಿ ಹಾಕಿ" ಎಂದಿದ್ದರು. ಉಜ್ಜನಪ್ಪ ಅಲ್ಲಿಂದ ಮನೆಗೆ ಬರುವಷ್ಟರಲ್ಲಿ ಅದಕ್ಕೆ ದರ್ಜೆ ಕಟ್ಟಿಬಿಟ್ಟಿದ್ದ.

ಜಲಜಮ್ಮನವರು ನಿವೃತ್ತ ಹೆಡ್‌ಮಿಸ್. ಅವರು ಕೊಡ ಕೆಳಗಿಟ್ಟರು. "ನನ್ನ ಇಡೀ ಸರ್ವೀಸಲ್ಲಿ ಬಿ ಸೆಕ್ಷನ್‌ನಿಂದ ಒಬ್ಬನೂ ಫಸ್ಟ್ ಕ್ಲಾಸ್ ಬರಲಿಲ್ಲ. ಆ ಗೋಳು ನನಗೆ ಗೊತ್ತು. ನಮಗೆ ಎ ಬೇಕು."

"ನಾನಿದೀನಲ್ಲ ಮೇಡಂ."

ಎದುರು ಮನೆ ಮೂರ್ತಪ್ಪನವರೂ ಗೇಟಿಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಕೆಲಸ ಮಾಹಿತಿ ಹಕ್ಕಿನ ಅರ್ಜಿ ಹಾಕುವುದೊಂದೇ. ಬೀದಿ ನಾಯಿಗಳ ಸಂಖ್ಯೆ ಕೇಳಿಯೂ ಒಂದು ಹಾಕಿದ್ದರು. "ಎ ಅಂತ ಬಾಯಲ್ಲಿ ಹೇಳಿದ್ರೆ ಸಾಲದು. ತಂದು ತೋರಿಸಿ," ಎಂದರು.

ಸಂಜೆಯೊಳಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಓಡಾಡಿತು. ಎಲ್ಲಾ ಬಡಾವಣೆಗಳಿಗೂ ಬಿ ಹಾಕಿದ್ದಾರಂತೆ, ಉಜ್ಜನಪ್ಪನವರು ಹೋರಾಡಿ ನಮಗೆ ಎ ಕೊಡಿಸುತ್ತಿದ್ದಾರಂತೆ. ಉಜ್ಜನಪ್ಪ ಅದಕ್ಕೆ ಕೈ ಮುಗಿಯುವ ಚಿತ್ರ ಹಾಕಿದನೇ ಹೊರತು ಅಲ್ಲ ಎನ್ನಲಿಲ್ಲ.

ಮಾರನೆಯ ದಿನ ಭದ್ರಾವತಿಗೆ ಹೋದ.

ಭದ್ರಾವತಿಯಲ್ಲಿ ಪರಶುರಾಮ ಎನ್ನುವವನಿಗೆ ಕಬ್ಬಿಣದ ಯಾರ್ಡು ಇತ್ತು. ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವನು. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಹಿಂದಿನ ಮನೆಯಲ್ಲಿ ತೆಲುಗು ಕೇಳಿ ಬೆಳೆದದ್ದರಿಂದ ಮೂರು ಭಾಷೆಯಲ್ಲೂ ಗಿರಾಕಿಯನ್ನು ಸಹಿಸಿಕೊಳ್ಳಬಲ್ಲವನಾಗಿದ್ದ.

"ಮೂವತ್ತು ಇಂಚಿಗೆ ಫ್ಲಾಂಜಾ? ಸೆರಿ ಸಾರ್, ಬನ್ನಿ. ಎದುರುಗಡೆ ವಾಲ್ವಿಗೆ ಎಷ್ಟು ತೂತು ಐತೆ?"

"ನಾನು ಮಾಲು ನೋಡಿ ತಗೊಳ್ಳೋನು. ತೂತು ಎಣಿಸೋನಲ್ಲ."

"ವಾಲ್ವು ನೋಡಿದೀರಲ್ಲ?"

"ನೋಡದೇ ಇರ್ತೀನಾ?"

ಇದು ಸುಳ್ಳಲ್ಲ. ವಾಲ್ವಿಗೆ ನೀಲಿ ಪ್ಲಾಸ್ಟಿಕ್ ಸುತ್ತಿ, ಎರಡೂ ಬಾಯಿಗೆ ಪ್ಲೈವುಡ್ ಬಡಿದಿದ್ದರು. ಅದನ್ನು ಉಜ್ಜನಪ್ಪ ಗುಂಡಿಯ ದಡದಲ್ಲಿ ನಿಂತು ಚೆನ್ನಾಗಿಯೇ ನೋಡಿದ್ದ.

ಯಾರ್ಡಿನ ಬೇವಿನ ಮರಕ್ಕೆ ಎರಡು ಫ್ಲಾಂಜುಗಳನ್ನು ಒರಗಿಸಿದ್ದರು. ಒಂದು ದಪ್ಪ, ಅಗಲ, ಒಂದೂವರೆ ಕ್ವಿಂಟಾಲ್ ತೂಗುವಂಥದ್ದು. ಅದು ಎ. ಇನ್ನೊಂದು ತೆಳ್ಳಗೆ, ಸುತ್ತಳತೆಯೂ ಕಮ್ಮಿ, ಅರ್ಧ ತೂಕವೂ ಇಲ್ಲ. ಅದು ಬಿ. ಎರಡರ ಒಳಗಿನ ಪೈಪಿನ ದಾರಿ ಮಾತ್ರ ಒಂದೇ, ಮೂವತ್ತು ಇಂಚು. ಉಜ್ಜನಪ್ಪ ಮೊದಲು ಎ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆರಳ ಗೆಣ್ಣಿನಿಂದ ಕುಟ್ಟಿದ. ಕಿವಿಯಿಟ್ಟ. ಆಮೇಲೆ ಬಗ್ಗಿ ಮೂಸಿದ.

ಪರಶುರಾಮ ಬಾಯಿಂದ ಬೀಡಿ ತೆಗೆದ. "ಮೂಸ್ತಾ ಇದೀರಾ ಸಾರ್?"

"ಮಾಲು ಒಣಗಿದೆಯಾ ಹಸಿ ಇದೆಯಾ ಅಂತ ಮೂಸಿದ್ರೆ ಗೊತ್ತಾಗುತ್ತೆ."

"ಉಕ್ಕು ಸಾರ್. ಹುಟ್ಟುವಾಗಲೇ ಒಣಗಿರುತ್ತೆ."

ಉಜ್ಜನಪ್ಪ ಬಿ ಕಡೆ ತಿರುಗಿದ. ಅದನ್ನು ಮೂಸಲೂ ಇಲ್ಲ. ದೂರದಿಂದಲೇ ಮುಖ ಕಿವುಚಿದ. "ಇದೇನು ಮಾರಾಯ, ಇಷ್ಟೊಂದು ತೂತು?"

"ಅದಕ್ಕೆ ನಲವತ್ನಾಲ್ಕು, ಸಣ್ಣ ಸಣ್ಣ ಬೋಲ್ಟು. ಎ ಗೆ ಇಪ್ಪತ್ತೆಂಟು, ದಪ್ಪ ಬೋಲ್ಟು."

"ನೋಡಿದ್ಯಾ! ಇದನ್ನೇ ನಾನು ಹೇಳೋದು. ತೂತು ಜಾಸ್ತಿಯಾದಷ್ಟೂ ಮಾಲು ಹಾಳು. ಮಂಡಿಯಲ್ಲಿ ಒಂದೇ ಒಂದು ತೂತಿದ್ರೂ ಕಾಯಿ ಆಚೆಗೆ ಎಸೀತೀವಿ."

"ಸಾರ್, ಅದು ಹುಳ ಕೊರೆದ ತೂತು. ಇದು ಮೆಷೀನು ಕೊರೆದಿದ್ದು."

"ಯಾರು ಕೊರೆದ್ರೂ ತೂತು ತೂತೇ."

ಪರಶುರಾಮ ಇನ್ನೊಂದು ಸಲ ಪ್ರಯತ್ನಪಟ್ಟ. ಎರಡರಲ್ಲಿ ಮೇಲು ಕೀಳು ಅಂತ ಇಲ್ಲ, ಎರಡೂ ಒಳ್ಳೆಯ ಮಾಲೇ, ಎದುರಿಗೆ ಯಾವುದಿದೆಯೋ ಅದಕ್ಕೆ ಜೋಡಿಯಾಗೋದು ಬೇಕು ಅಷ್ಟೇ ಎಂದ. ಉಜ್ಜನಪ್ಪ ನಕ್ಕ. ಹದಿನೈದು ವರ್ಷ ಮಂಡಿಯಲ್ಲಿದ್ದವನಿಗೆ ಗೊತ್ತಿರುವ ಒಂದು ಸತ್ಯವೆಂದರೆ, "ಎರಡೂ ಒಳ್ಳೆಯದೇ" ಎನ್ನುವ ವ್ಯಾಪಾರಿ ಕೆಟ್ಟದ್ದನ್ನು ದಾಟಿಸಲು ನೋಡುತ್ತಿದ್ದಾನೆ ಎಂಬುದು.

"ಎ ಹಾಕು ಗಾಡಿಗೆ."

"ಸೆರಿ ಸಾರ್," ಎಂದ ಪರಶುರಾಮ. ಗಿರಾಕಿ ಎರಡು ಸಲ ತಡೆದರೂ ಬಾವಿಗೆ ಬೀಳುತ್ತೇನೆ ಎಂದರೆ ಮೂರನೆಯ ಸಲ ಹಗ್ಗ ಮಾರುವುದು ವ್ಯಾಪಾರ ಧರ್ಮ.

ಗಾಡಿ ನೇರವಾಗಿ ಗಾಜನೂರಿಗೆ ಹೋಗಬೇಕಿತ್ತು. ಉಜ್ಜನಪ್ಪ ಅದನ್ನು ವಿನೋಬನಗರಕ್ಕೆ ತಿರುಗಿಸಿದ. ಹುಡುಗಿ ನೋಡಿ ಒಪ್ಪಿದ ಮೇಲೆ ಊರಿಗೆಲ್ಲ ತೋರಿಸದೆ ಮದುವೆ ಮಾಡುವುದುಂಟೇ? ಮೂರ್ತಪ್ಪನವರು ಟೇಪು ತಂದು ದಪ್ಪ ಅಳೆದರು, ಪಕ್ಕದಲ್ಲಿ ಕೆತ್ತಿದ್ದ ಎ ಅಕ್ಷರದ ಫೋಟೋ ತೆಗೆದರು. ಜಲಜಮ್ಮನವರು ಸೆರಗಿನಿಂದ ಧೂಳು ಒರೆಸಿ, "ಎಷ್ಟು ಲಕ್ಷಣವಾಗಿದೆ!" ಎಂದರು. ಯಾರೋ ಸೇವಂತಿಗೆ ಹಾರ ತಂದರು. ಉಜ್ಜನಪ್ಪನೇ ಫ್ಲಾಂಜಿನ ನೆತ್ತಿಗೆ ಮೂರೆಳೆ ವಿಭೂತಿ ಎಳೆದ, ಉಳಿದವರು ಕುಂಕುಮ ಇಟ್ಟರು, ಅಂಚಿನ ಮೇಲೆಯೇ ತೆಂಗಿನಕಾಯಿ ಒಡೆದರು. ಕಾಯಿ ಸರಿಯಾಗಿ ಎರಡು ಹೋಳಾಯಿತು. ಬಿ ಆಗಿದ್ದರೆ ಹೀಗೆ ಒಡೆಯುತ್ತಿರಲಿಲ್ಲ ಎಂಬ ಅಭಿಪ್ರಾಯ ವ್ಯಕ್ತವಾಯಿತು.

ದಾಕ್ಷಾಯಣಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಅಲ್ಲಿ ವಾಲ್ವಿಗೆ ಹಿಡಿದು ನೋಡಿದ್ರಾ? ನಾನು ರವಿಕೆ ಕಣ ತರೋಕೆ ಗಾಂಧಿ ಬಜಾರಿಗೆ ಹೋದ್ರೂ ಸೀರೆ ಕೈಯಲ್ಲಿ ಹಿಡ್ಕೊಂಡು ಹೋಗ್ತೀನಿ."

"ರವಿಕೆಗೂ ಫ್ಲಾಂಜಿಗೂ ವ್ಯತ್ಯಾಸ ಇಲ್ವೇನೆ?"

"ಇದೆ. ರವಿಕೆ ಹೊಂದಲಿಲ್ಲ ಅಂದ್ರೆ ಊರಿಗೆ ನೀರು ನಿಲ್ಲಲ್ಲ."

ತಜ್ಞರು ಇಂಥದ್ದನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮಾರನೆಯ ಬೆಳಗ್ಗೆ ಫ್ಲಾಂಜಿನ ಗಾಡಿಯ ಹಿಂದೆ ಮೂರು ಆಟೋ ಗಾಜನೂರಿಗೆ ಹೊರಟವು. ತಮ್ಮ ಎ ಫ್ಲಾಂಜು ಸ್ವಸ್ಥಾನ ಸೇರುವುದನ್ನು ಕಣ್ಣಾರೆ ನೋಡಬೇಕೆಂದು ಬೀದಿಯ ಹಿರಿಯರೆಲ್ಲ ಬಂದಿದ್ದರು. ಚಿತ್ರಾನ್ನದ ಡಬ್ಬಿಗಳಿದ್ದವು. ಗುಂಡಿಯ ಹತ್ತಿರ ಕ್ರೇನು, ಬೆಸುಗೆಯವನು, ಮತ್ತು ಕೊಡೆಯ ನೆರಳಿನಲ್ಲಿ ಜನಾರ್ದನ ಸಾಹೇಬರು ಕಾಯುತ್ತಿದ್ದರು.

"ಇವರೆಲ್ಲ ಯಾರ್ರೀ?" ಎಂದರು ಸಾಹೇಬರು.

"ಸಾರ್ವಜನಿಕರು ಸಾರ್."

ಸಾಹೇಬರು ಕೊಡೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿಕೊಂಡರು.

ವಾಲ್ವಿನ ಪ್ಲಾಸ್ಟಿಕ್ ಬಿಚ್ಚಿ, ಪ್ಲೈವುಡ್ ಕಿತ್ತರು. ಹಾರ ಹಾಕಿಕೊಂಡೇ ಫ್ಲಾಂಜು ಕ್ರೇನಿನಲ್ಲಿ ತೂಗಾಡುತ್ತ ಕೆಳಗಿಳಿಯಿತು. ಜಲಜಮ್ಮನವರು ಕೈ ಜೋಡಿಸಿದರು. ಫ್ಲಾಂಜು ವಾಲ್ವಿನ ಮುಖಕ್ಕೆ ಮುಖ ಕೊಟ್ಟು ನಿಂತಿತು. ಸುತ್ತಲೂ ಎರಡೆರಡು ಇಂಚು ಆಚೆಗೆ ಚಾಚಿಕೊಂಡಿತ್ತು. ಅಪ್ಪನ ಚಪ್ಪಲಿ ಮೆಟ್ಟಿಕೊಂಡ ಮಗುವಿನ ಹಾಗೆ ಕಾಣಿಸಿತು ವಾಲ್ವು. ಒಂದೇ ಒಂದು ತೂತೂ ಇನ್ನೊಂದು ತೂತಿಗೆ ಎದುರಾಗಲಿಲ್ಲ.

"ಸ್ವಲ್ಪ ತಿರುಗಿಸು," ಎಂದ ಉಜ್ಜನಪ್ಪ. ತಿರುಗಿಸಿದರು. "ಆ ಕಡೆ ತಿರುಗಿಸು." ಆ ಕಡೆ ತಿರುಗಿಸಿದರು. ಬೆಸುಗೆಯವನು ಮೇಲೆ ನೋಡಿ, "ಅಣ್ಣಾ, ಇದನ್ನ ಸಾಯಂಕಾಲದ ತನಕ ತಿರುಗಿಸಿದ್ರೂ ಚಿಕ್ಕದಾಗಲ್ಲ," ಎಂದ.

"ದೊಡ್ಡದಾಯ್ತಲ್ರೀ," ಎಂದರು ಸಾಹೇಬರು.

"ದೊಡ್ಡದಾದ್ರೆ ಒಳ್ಳೇದಲ್ವಾ ಸಾರ್?"

"ಒಳ್ಳೇದೇ. ಆದ್ರೆ ಕೂರಲ್ಲ."

"ಹಾಗಾದ್ರೆ ಇದಕ್ಕೆ ಯಾವುದು ಹಾಕಬೇಕು ಸಾರ್?"

"ಸೂಕ್ತವಾದ್ದು ಹಾಕಿ ಅಂತ ನಿಮಗೆ ಮೊದಲೇ ಹೇಳಿದೀನಿ."

"ಸೂಕ್ತ ಅಂದ್ರೆ ಯಾವುದು ಅಂತ ನಮಗೆ ಹೆಂಗೆ ಗೊತ್ತಾಗಬೇಕು?"

"ಹಾಕಿದ ಮೇಲೆ ಸೋರಲಿಲ್ಲ ಅಂದ್ರೆ ಅದೇ ಸೂಕ್ತ." ಆಮೇಲೆ ದನಿ ತಗ್ಗಿಸಿ, "ನೋಡಿ ಉಜ್ಜನಪ್ಪ, ಇವತ್ತು ಕೂರಿಸಿದ್ರೆ ಸರಿ. ಇಲ್ಲ ಅಂದ್ರೆ ನಾಳೆ ದಾವಣಗೆರೆಯವರಿಗೆ ಕೆಲಸ ಕೊಡ್ತೀನಿ. ಟ್ಯಾಂಕರ್ ಸಾಕಾಗಿದೆ, ಮೇಲಿನವರು ನನ್ನ ಜೀವ ತಿಂತಿದಾರೆ," ಎಂದರು.

ದಾವಣಗೆರೆಯವರು ಬಂದು ವಿನೋಬನಗರಕ್ಕೆ ನೀರು ಕೊಡುವುದು! ಆಮೇಲೆ ತಾನು ಆ ಬೋರ್ಡಿನ ಮುಂದೆ ದಿನಾ ಓಡಾಡುವುದು ಹೇಗೆ! ಉಜ್ಜನಪ್ಪ ಒಂದು ಮರದ ಹಿಂದೆ ಹೋಗಿ ಪರಶುರಾಮನಿಗೆ ಫೋನು ಮಾಡಿದ. "ಮಾರಾಯ, ಆ ಬಿ ಇದೆಯಲ್ಲ, ಅದನ್ನ..."

"ಹೊರಟಾಯ್ತು ಸಾರ್. ನೀವು ಮೂಸಿದಾಗಲೇ ಗಾಡಿಗೆ ಹಾಕಿಟ್ಟಿದ್ದೆ. ಶಿವಮೊಗ್ಗ ದಾಟಿರಬೇಕು."

ಜನ ಚಿತ್ರಾನ್ನ ತಿಂದು ಕೈ ತೊಳೆಯುವ ಹೊತ್ತಿಗೆ ಬಿ ಬಂತು. ಗಾಡಿಯಿಂದ ಇಳಿಸುವಾಗಲೇ ಮೂರ್ತಪ್ಪನವರ ಕಣ್ಣಿಗೆ ಬಿತ್ತು. ಅವರು ಟೇಪು ಹಿಡಿದು ಓಡಿದರು. "ತೆಳ್ಳಗಿದೆ! ಅರ್ಧಕ್ಕರ್ಧ ತೆಳ್ಳಗಿದೆ! ಜಲಜಮ್ಮನೋರೇ, ಬಿ!"

ಜಲಜಮ್ಮನವರು ಎದ್ದರು. ಅವರು ಎದ್ದ ರೀತಿಗೆ ನಲವತ್ತು ವರ್ಷದ ಹಿಂದಿನ ವಿದ್ಯಾರ್ಥಿಗಳೂ ಎಲ್ಲಿದ್ದರೂ ಒಮ್ಮೆ ಬೆಂಚಿನ ಮೇಲೆ ನೆಟ್ಟಗೆ ಕೂತಿರಬೇಕು. "ಉಜ್ಜನಪ್ಪನೋರೇ, ಏನಿದು? ಎ ತೋರಿಸಿ ಬಿ ಹಾಕೋದಾ? ದೇವರಿಗೆ ಕಾಯಿ ಒಡೆದಿದ್ದು ಒಂದಕ್ಕೆ, ಗುಂಡಿಗೆ ಇಳಿಸೋದು ಇನ್ನೊಂದನ್ನಾ?"

"ಮೇಡಂ, ವಾಲ್ವು..."

"ಸ್ಯಾಂಪಲ್ ಸರಕು, ಚೀಲದ ತುಂಬ ಗೊರಬಲು! ಇದೇನಾ ನೀವು ಮಂಡಿಯಲ್ಲಿ ಕಲಿತಿದ್ದು?"

ಅದೇ ಅವನ ಮಾತು, ಅವನಿಗೇ ತಿರುಗಿ ಬಡಿಯಿತು. ಜಲಜಮ್ಮನವರು ನೇರವಾಗಿ ಬಂದು ಗುಂಡಿಯ ದಡದಲ್ಲಿ ಕಾಲು ಇಳಿಬಿಟ್ಟು ಕೂತರು. ಅವರ ಪಕ್ಕದಲ್ಲಿ ಇನ್ನೂ ನಾಲ್ಕು ಹೆಂಗಸರು ಕೂತರು. ಕ್ರೇನಿನವನು ಎಂಜಿನ್ ಆಫ್ ಮಾಡಿ ಇಳಿದು ಬಂದು ಉಳಿದ ಚಿತ್ರಾನ್ನ ಕೇಳಿದ. ಗಾಜನೂರಿನ ಕಡೆಯಿಂದ ಹೋಗುತ್ತಿದ್ದವರು ಬೈಕು ನಿಲ್ಲಿಸಿದರು. ಏನಾಗಿದೆ ಎಂದು ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ, "ನೀರಿನಲ್ಲಿ ಎರಡನೇ ಕ್ವಾಲಿಟಿ ಬಿಡ್ತಿದಾರಂತೆ," ಎಂದ.

"ಅಯ್ಯೋ, ಕೇಳ್ರಪ್ಪಾ," ಎಂದು ಉಜ್ಜನಪ್ಪ ಕೈ ಎತ್ತಿದ. "ನಾನೇನು ಮಾಡಲಿ? ವಾಲ್ವೇ ಬಿ. ಅದಕ್ಕೆ ಬಿ ನೇ ಕೂರೋದು."

ಉಜ್ಜನಪ್ಪ ಗೆದ್ದೆ ಅಂದುಕೊಂಡ. ಆದರೆ ಮೂರ್ತಪ್ಪನವರ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಮೂಡುತ್ತಿತ್ತು.

"ಅಂದ್ರೆ," ಎಂದರು ಅವರು, "ವಾಲ್ವೂ ಎರಡನೇ ದರ್ಜೆದು. ತಂದವರು ಯಾರು?"

ಎಲ್ಲರೂ ಕೊಡೆಯ ಕಡೆ ತಿರುಗಿದರು.

"ವಾಲ್ವೂ ಬದಲಾಗಬೇಕು!" ಎಂದರು ಜಲಜಮ್ಮನವರು.

"ಯಾವ ಕಂಪನಿಯಿಂದ ತಂದ್ರಿ, ಯಾಕೆ ಬಿ ತಂದ್ರಿ, ಯಾರು ಸಹಿ ಹಾಕಿದ್ರು, ಎಲ್ಲ ಕೇಳ್ತೀನಿ," ಎಂದರು ಮೂರ್ತಪ್ಪನವರು. "ಸೋಮವಾರವೇ ಅರ್ಜಿ ಹಾಕ್ತೀನಿ."

ಕೊಡೆ ಮುಚ್ಚಿಕೊಂಡಿತು. ಜನಾರ್ದನ ಸಾಹೇಬರು ಮೊದಲ ಸಲ ಬಿಸಿಲಿಗೆ ಬಂದರು. ವಾಲ್ವು ತರಿಸಿದ್ದು ಅವರೇ. ಅದರಲ್ಲಿ ಯಾವ ಮೋಸವೂ ಇರಲಿಲ್ಲ, ವಾಲ್ವು ಚೆನ್ನಾಗಿಯೇ ಇತ್ತು. ಆದರೆ ಚೆನ್ನಾಗಿದೆ ಎಂದು ಮೂರ್ತಪ್ಪನವರಿಗೆ ಸಾಬೀತು ಮಾಡುವಷ್ಟರಲ್ಲಿ ತಮ್ಮ ನಿವೃತ್ತಿ ಬರುತ್ತದೆ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಅವರು ಉಜ್ಜನಪ್ಪನ ತೋಳು ಹಿಡಿದು ಎಳೆದುಕೊಂಡು ಹೋದರು.

"ಈ ಎ ಮೇಲು ಬಿ ಕೀಳು ಅಂತ ಇವರಿಗೆ ಯಾರ್ರೀ ಹೇಳಿದ್ದು?"

"ಅದು... ಮಾತಿಗೆ ಮಾತು ಬಂತು ಸಾರ್."

"ಹಂಗಾದ್ರೆ ಮಾತಿಂದಲೇ ವಾಪಸ್ ಕಳಿಸಿ. ಏನಾದ್ರೂ ಹೇಳ್ರೀ! ಏನು ಬೇಕಾದ್ರೂ ಹೇಳಿ, ನಾನು ತಲೆ ಆಡಿಸ್ತೀನಿ."

ಉಜ್ಜನಪ್ಪ ಪೈಪಿನ ಮೇಲೆ ಹತ್ತಿ ನಿಂತ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಒಂದು ಕಡೆ ಹಾರ ಹಾಕಿಕೊಂಡ ಎ, ಇನ್ನೊಂದು ಕಡೆ ಮುಖ ಸಣ್ಣಗೆ ಮಾಡಿಕೊಂಡ ಬಿ, ನಡುವೆ ಐವರು ಹೆಂಗಸರು. ಮಂಡಿಯಲ್ಲಿ ಇಂಥ ಸಂದರ್ಭ ಬಂದಾಗ ಅವನು ಮಾಡುತ್ತಿದ್ದದ್ದು ಒಂದೇ. ಮಾಲು ಬದಲಾಯಿಸಲು ಆಗದಿದ್ದರೆ ದರ್ಜೆ ಮಾಡುವ ಲೆಕ್ಕವನ್ನೇ ಬದಲಾಯಿಸುವುದು. ಗಾತ್ರ ಸಾಲದಿದ್ದರೆ ಬಣ್ಣ, ಬಣ್ಣ ಸಾಲದಿದ್ದರೆ ಸದ್ದು.

"ಮೂರ್ತಪ್ಪನೋರೇ," ಎಂದು ಕೂಗಿದ. "ನೀವು ಲೆಕ್ಕದವರು. ಎ ಗೆ ಎಷ್ಟು ತೂತಿದೆ ಎಣಿಸಿ."

ಎಣಿಸಿ ಎಂದರೆ ಮೂರ್ತಪ್ಪನವರು ಇಲ್ಲ ಎನ್ನುವವರಲ್ಲ. "ಇಪ್ಪತ್ತೆಂಟು."

"ಬಿ ಗೆ?"

ಅವರು ಬಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಅನುಮಾನ ಬಂದು ಅಪ್ರದಕ್ಷಿಣೆಯಾಗಿ ಇನ್ನೊಂದು ಹಾಕಿದರು. "ನಲವತ್ನಾಲ್ಕು."

"ಒಂದೊಂದು ತೂತಿಗೂ ಒಂದೊಂದು ಬೋಲ್ಟು. ಈಗ ಹೇಳಿ. ನಮ್ಮ ಬೀದಿ ನೀರನ್ನ ಇಪ್ಪತ್ತೆಂಟು ಜನ ಹಿಡ್ಕೊಂಡಿದ್ರೆ ಗಟ್ಟಿಯೋ, ನಲವತ್ನಾಲ್ಕು ಜನ ಹಿಡ್ಕೊಂಡಿದ್ರೆ ಗಟ್ಟಿಯೋ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಕಿನವನೊಬ್ಬ, "ನಲವತ್ನಾಲ್ಕೇ ಅಲ್ವಾ?" ಎಂದ.

"ಹಾಗಾದ್ರೆ ಅದಕ್ಕೆ ಬಿ ಅಂತ ಯಾಕೆ ಹೆಸರಿಟ್ರು?" ಎಂದರು ಜಲಜಮ್ಮನವರು. ಪ್ರಶ್ನೆ ಕೇಳಿದ್ದು ಹೆಡ್‌ಮಿಸ್. ಇಲ್ಲಿ ತೊದಲಿದರೆ ಕಥೆ ಮುಗಿಯಿತು.

"ಮೇಡಂ, ನಿಮ್ಮ ಫೋನು ಯಾವುದು?"

"ಮಗ ಕೊಡಿಸಿದ್ದು. ಫೈವ್ ಜಿ."

"ಫೋರ್ ಜಿ ಮೊದಲು ಬಂತೋ, ಫೈವ್ ಜಿ ಮೊದಲು ಬಂತೋ?"

"ಫೋರ್."

"ಆಮೇಲೆ ಬಂದಿದ್ದು ಒಳ್ಳೇದೋ ಮುಂಚೆ ಬಂದಿದ್ದು ಒಳ್ಳೇದೋ? ಮೊದಲು ಎ ಮಾಡಿದ್ರು ಮೇಡಂ. ದಪ್ಪ, ಭಾರ, ಕ್ರೇನಿಗೂ ಸುಸ್ತು. ಆಮೇಲೆ ವಿಜ್ಞಾನ ಮುಂದುವರೀತು. ಬಿ ಬಂತು. ಕೇಳಿ ಬೇಕಾದ್ರೆ ಸಾಹೇಬರನ್ನ."

ಸಾಹೇಬರು ಒಪ್ಪಂದದ ಪ್ರಕಾರ ತಲೆ ಆಡಿಸಿದರು. ಮೇಲೆ ಕೆಳಗೆ ಆಡಿಸಿದರೋ ಅಡ್ಡಡ್ಡ ಆಡಿಸಿದರೋ ಎಂದು ಆಮೇಲೆ ಯಾರಾದರೂ ಅರ್ಜಿ ಹಾಕಿ ಕೇಳಿದರೂ ಉತ್ತರ ಸಿಗದಂಥ ತಲೆಯಾಟ ಅದು.

ಇದಿಷ್ಟೂ ಉಜ್ಜನಪ್ಪ ಪೈಪಿನ ಮೇಲೆ ನಿಂತು ಹೊಸೆದದ್ದು. ನಿಜವೆಂದರೆ ಎರಡು ಫ್ಲಾಂಜಿನಲ್ಲಿ ಯಾವುದೂ ಇನ್ನೊಂದಕ್ಕೆ ಅಪ್ಪನಲ್ಲ, ಮಗನೂ ಅಲ್ಲ. ಪರಶುರಾಮ ಯಾರ್ಡಿನಲ್ಲಿ ಹೇಳಿದ್ದೇ ಸರಿ. ಆದರೆ ಸರಿಯಾದ ಮಾತನ್ನು ಕೇಳಲು ಯಾರೂ ಆಟೋ ಮಾಡಿಕೊಂಡು ಬಂದಿರಲಿಲ್ಲ.

ಜಲಜಮ್ಮನವರು ಕಾಲು ಮೇಲೆತ್ತಿಕೊಂಡು ಎದ್ದರು. ಉಜ್ಜನಪ್ಪ ಉಸಿರು ಬಿಟ್ಟ. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವ ಮುಂಚೆಯೇ ಅವರ ಹುಬ್ಬು ಗಂಟಿಕ್ಕಿತು.

"ಹಾಗಾದ್ರೆ ಬೆಳಗ್ಗೆ ನಮಗೆ ಹಳೇ ಕಾಲದ್ದು ಹಾಕೋಕೆ ಹೊರಟಿದ್ರಾ? ಹದಿನಾರು ಬೋಲ್ಟು ಕಮ್ಮಿ?"

"ಹೌದಲ್ಲ!" ಎಂದರು ಮೂರ್ತಪ್ಪನವರು. "ಹಾರ ಬೇರೆ ಹಾಕಿಸಿದ್ರು!"

ಪೈಪಿನ ಮೇಲಿದ್ದ ಉಜ್ಜನಪ್ಪನ ಕಾಲು ಸ್ವಲ್ಪ ಜಾರಿತು. ಸಾವರಿಸಿಕೊಂಡು, "ಅದು ಪರೀಕ್ಷೆ ಮೇಡಂ," ಎಂದ. "ನಮ್ಮ ಬೀದಿಯವರು ತಂದಿದ್ದನ್ನೆಲ್ಲ ಒಪ್ಕೊಂಡು ಸುಮ್ಮನಿರ್ತಾರೋ, ಪ್ರಶ್ನೆ ಕೇಳ್ತಾರೋ ಅಂತ ನೋಡೋಕೆ ತಂದಿದ್ದು."

ಪರೀಕ್ಷೆ ಎಂದ ಮೇಲೆ ಜಲಜಮ್ಮನವರಿಗೆ ಎಲ್ಲ ಅರ್ಥವಾಯಿತು. "ನಾವು ಪಾಸು ತಾನೆ?"

"ರ‍್ಯಾಂಕು ಮೇಡಂ."

ಎ ಯ ಹಾರ ಬಿಚ್ಚಿ ಬಿ ಗೆ ಹಾಕಿದರು. ಬಿ ಇಳಿಯಿತು, ವಾಲ್ವಿನ ಮುಖಕ್ಕೆ ಕನ್ನಡಿ ಹಿಡಿದ ಹಾಗೆ ಕೂತಿತು, ನಲವತ್ನಾಲ್ಕು ತೂತಿಗೂ ನಲವತ್ನಾಲ್ಕು ತೂತು. ಬೆಸುಗೆಯವನು ಕೆಲಸ ಶುರುಮಾಡಿದ. ಎ ಬಂದ ಗಾಡಿಯಲ್ಲೇ ಭದ್ರಾವತಿಗೆ ವಾಪಸ್ಸಾಯಿತು. ಪರಶುರಾಮ ಫೋನು ಮಾಡಿ, "ಕುಂಕುಮ ನಾನು ತೊಳೆಯಲ್ಲ ಸಾರ್, ನಮ್ಮ ಹುಡುಗರು ಈಗಾಗಲೇ ಅದಕ್ಕೆ ಕರ್ಪೂರ ಹಚ್ಚಿದಾರೆ," ಎಂದ.

ನಲ್ಲಿಗೆ ನೀರು ಬಂತು. ಜಲಜಮ್ಮನವರು ಮೊದಲ ಲೋಟ ಕುಡಿದು, ನಾಲಿಗೆ ಚಪ್ಪರಿಸಿ, "ಮೊದಲಿನದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುತ್ತೆ," ಎಂದರು. ಅದು ಅದೇ ತುಂಗೆಯ ನೀರು, ಅದೇ ಪೈಪು. ಆದರೂ ಬೀದಿಯವರಿಗೆಲ್ಲ ವ್ಯತ್ಯಾಸ ಗೊತ್ತಾಯಿತು. ಉಜ್ಜನಪ್ಪನಿಗೇ ಗೊತ್ತಾಯಿತು. ನಲವತ್ನಾಲ್ಕರ ಮಹಿಮೆಯನ್ನು ಅವನು ಎಷ್ಟು ಸಲ ಹೇಳಿಕೊಂಡನೆಂದರೆ ಕೊನೆಗೆ ನಂಬಿದವರಲ್ಲಿ ಅವನೇ ಮೊದಲಿಗನಾಗಿದ್ದ.

ಸ್ವಲ್ಪ ದಿನದ ಮೇಲೆ ಜನಾರ್ದನ ಸಾಹೇಬರ ಫೋನು ಬಂತು. "ಉಜ್ಜನಪ್ಪ, ಗೋಪಾಳ ಬಡಾವಣೆ ಲೈನಲ್ಲೂ ಇದೇ ಕೆಲಸ ಇದೆ. ಮೂವತ್ತು ಇಂಚೇ. ಜನರನ್ನ ಸಂಭಾಳಿಸೋಕೆ ನಿಮ್ಮ ಬಿಟ್ರೆ ಬೇರೆ ಯಾರೂ ಇಲ್ಲ. ಈ ಸಲ ವಾಲ್ವು ನಾನೇ ಬಿಚ್ಚಿಸಿ ನೋಡಿದೀನಿ. ಎ ಸಿರೀಸು, ಇಪ್ಪತ್ತೆಂಟು."

ಉಜ್ಜನಪ್ಪ ಖುಷಿಯಿಂದ ಹೂಂ ಅಂದು ಫೋನಿಟ್ಟ. ಇಟ್ಟ ಮೇಲೆ ಕುರ್ಚಿಯಲ್ಲಿ ಕೂತ. ಕೂತವನು ಬಹಳ ಹೊತ್ತು ಏಳಲಿಲ್ಲ. ಗೋಪಾಳದಲ್ಲಿ ಜಲಜಮ್ಮನವರ ತಂಗಿ ಇದ್ದಳು. ನಲವತ್ನಾಲ್ಕಕ್ಕೆ ಒಂದು ಬೋಲ್ಟು ಕಮ್ಮಿ ಬಂದರೂ ಗುಂಡಿಗೆ ಇಳಿಸಲು ಬಿಡಬೇಡಿ ಎಂದು ಅಕ್ಕ ತಂಗಿಗೆ ಹೇಳಿ, ತಂಗಿ ಬೀದಿಗೆ ಹೇಳಿ, ಅಲ್ಲಿ ಒಂದು ಸಮಿತಿಯೇ ಆಗಿತ್ತು.

"ಮಾರಾಯ್ತೀ," ಎಂದು ಒಳಗೆ ಕೂಗಿದ. "ಇಪ್ಪತ್ತೆಂಟು ನಲವತ್ನಾಲ್ಕಕ್ಕಿಂತ ದೊಡ್ಡದು ಅಂತ ಹೇಳೋಕೆ ಏನಾದ್ರೂ ದಾರಿ ಇದೆಯೇನೆ?"

ದಾಕ್ಷಾಯಣಮ್ಮ ಪೂಜೆ ಮುಗಿಸಿ ಕೈಯೊರೆಸಿಕೊಳ್ಳುತ್ತ ಬಂದಳು. ವಿಷಯವೆಲ್ಲ ಕೇಳಿಸಿಕೊಂಡಳು. ಒಂದು ನಿಮಿಷ ಯೋಚಿಸಿದಳು.

"ಶಿವನೇ ಹೇಳಿದ ಶಿವಾಗಮ ಎಷ್ಟು?"

"ಇಪ್ಪತ್ತೆಂಟು."

"ಮತ್ತೆ?"

ಉಜ್ಜನಪ್ಪ ಎದ್ದು ಅಂಗಿ ತೊಟ್ಟ. ಬಾಗಿಲ ತನಕ ಹೋದವನು ಏನೋ ನೆನೆಸಿಕೊಂಡು ದೇವರ ಕೋಣೆಗೆ ವಾಪಸ್ ಬಂದ. ಮೂರು ಬೆರಳಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ವಿಭೂತಿಯನ್ನು ಹಣೆಗೆ ಬಳಿದುಕೊಂಡು ಗೋಪಾಳದ ಬಸ್ಸು ಹತ್ತಿದ.